ಗೋಡೆಗೆ ಮುಖ ಮಾಡಿ ಕೂತ ರಾಚಪ್ಪ

ಚಟ್, ಚಟ್, ಚಟ್. ದೇವರ ಹಿಪ್ಪರಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಈ ಸದ್ದು ಶುರುವಾಗುತ್ತದೆ. ಹಿಟ್ಟಿನ ಗಿರಣಿಯ ಪಟ್ಟಾ ತಿರುಗುವಾಗ ಅದರ ಎರಡು ತುದಿ ಸೇರಿಸಿದ ಜಾಗ ಗಾಲಿಗೆ ಬಡಿಯುವ ಸದ್ದು. ಒಂದು ಸುತ್ತಿಗೆ ಒಂದು ಸಲ. ಓಣಿಯವರಿಗೆ ಅದು ಕೇಳಿಸುವುದೇ ಇಲ್ಲ. ನಿಂತಾಗ ಮಾತ್ರ ಏನೋ ನಿಂತಿತಲ್ಲ ಎಂದು ತಲೆ ಎತ್ತುತ್ತಾರೆ.

ಈ ಗಿರಣಿಯನ್ನು ನಲವತ್ತು ವರ್ಷ ನಡೆಸಿದವನು ರಾಚಪ್ಪ. ಈಗ ಮಗ ಸಂಜೀವಕುಮಾರ ನಡೆಸುತ್ತಾನೆ. ನಡುಗೋಡೆಯ ಈಚೆ ಅಡಿಗೆಮನೆ. ಅಲ್ಲಿ ರಾಚಪ್ಪನ ಹೆಂಡತಿ ಇಂದುಬಾಯಿ ಆ ಸದ್ದಿಗೆ ಸರಿಯಾಗಿ ರೊಟ್ಟಿ ಬಡಿಯುತ್ತಾಳೆ. ಮದುವೆಯಾಗಿ ಬಂದ ಹೊಸತರಲ್ಲಿ ಆಕೆಗೆ ಅದರಿಂದ ತಲೆಶೂಲೆ ಬರುತ್ತಿತ್ತು. ಈಗ ತವರಿಗೆ ಹೋದಾಗ ಆ ಸದ್ದಿಲ್ಲದೆ ರೊಟ್ಟಿ ಒಂದು ಮಗ್ಗುಲು ದಪ್ಪ ಆಗುತ್ತದೆ.

ರಾಚಪ್ಪ ಮಾತು ಕಡಿಮೆ. ಜೋಳದ ಪುಟ್ಟಿ ಹೊತ್ತು ತಂದ ಹೆಂಗಸರು, ಈತನ ಬಾಯಲ್ಲಿ ಹಿಟ್ಟು ತುಂಬಿದೆ, ಅದಕ್ಕೇ ತೆರೆಯುವುದಿಲ್ಲ ಎಂದು ನಗೆಯಾಡುತ್ತಿದ್ದರು. ಒಬ್ಬರ ಸಜ್ಜೆಯ ಹಿಟ್ಟು ಇನ್ನೊಬ್ಬರ ಗೋಧಿಗೆ ಸೇರಬಾರದೆಂದು ಅವನು ಪ್ರತಿಸಲ ಕಲ್ಲನ್ನು ಕುಂಚದಿಂದ ಗುಡಿಸಿಯೇ ಮುಂದಿನವರ ಕಾಳು ಸುರಿಯುತ್ತಿದ್ದ. ಅವಸರದವರು ಬೈಯುತ್ತಿದ್ದರು. ಅವನು ಗುಡಿಸುತ್ತಿದ್ದ. ಸಂಜೆ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬೆಳ್ಳಗಾಗಿ ಮನೆಗೆ ಬಂದು, ಕೈಕಾಲು ತೊಳೆದು, ಹಿತ್ತಲ ಕೋಣೆಯಲ್ಲಿ ಕಂಬಳಿ ಹಾಸಿ ಕೂಡುತ್ತಿದ್ದ. ಪಕ್ಕದಲ್ಲಿ ಇಂದುಬಾಯಿಯೂ ಕೂಡುತ್ತಿದ್ದಳು. ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು. ಇದಕ್ಕೆ ಅವರು ನೇಮ ಎನ್ನುತ್ತಾರೆ. ಅವರು ಗುರುವಿನಿಂದ ಜಪದ ನಾಮ ತೆಗೆದುಕೊಂಡವರು.

ನಾಮ ಕೊಟ್ಟವರು ಮಾಸ್ತರರು. ಲಚ್ಯಾಣದ ಆಚೆ ಒಂದು ಸಣ್ಣ ಊರಿನಲ್ಲಿ ಕನ್ನಡ ಸಾಲೆಯ ಮಾಸ್ತರರಾಗಿದ್ದು ನಿವೃತ್ತರಾದವರು. ಕಾವಿ ಉಟ್ಟವರಲ್ಲ, ಪಲ್ಲಕ್ಕಿ ಏರಿದವರಲ್ಲ. ಹೆಂಡತಿ, ಮಕ್ಕಳು, ನಾಲ್ಕು ಎಕರೆ ತೊಗರಿ ಹೊಲ ಇದ್ದವರು. ಅವರ ಗುರುಗಳು ಅವರಿಗೆ ಕೊಟ್ಟಿದ್ದರು, ಆ ಗುರುಗಳಿಗೆ ಅವರ ಗುರುಗಳು ಕೊಟ್ಟಿದ್ದರು. ಹೀಗೆ ಎಷ್ಟು ತಲೆಮಾರಿನಿಂದ ಬಂದಿತ್ತೋ, ಮಾಸ್ತರರೂ ಎಣಿಸಿರಲಿಲ್ಲ.

ರಾಚಪ್ಪ ಮತ್ತು ಇಂದುಬಾಯಿ ಮೂವತ್ತಾರು ವರ್ಷದ ಹಿಂದೆ, ಮದುವೆಯಾದ ಮೊದಲ ವರ್ಷವೇ, ಇಂಡಿಯಲ್ಲಿ ಬಸ್ಸು ಇಳಿದು, ಮುಂದಿನ ಬಸ್ಸು ಹಿಡಿದು, ಕೊನೆಯ ಮೂರು ಮೈಲಿ ನಡೆದು ಹೋಗಿದ್ದರು. ಮಾಸ್ತರರು ಅಂಗಳದಲ್ಲಿ ಕೂತು ಕಡಲೆಯೊಳಗಿನ ಹರಳು ಆರಿಸುತ್ತಿದ್ದರು. ಬಂದವರಿಗೂ ಒಂದು ಮೊರ ಕೊಟ್ಟರು. ಎಲ್ಲ ಆರಿಸಿ ಮುಗಿದ ಮೇಲೆ ರಾಚಪ್ಪನನ್ನು ಒಳಗೆ ಕರೆದರು. ಅವನು ಹೊರಗೆ ಬಂದ ಮೇಲೆ ಆಕೆಯನ್ನು ಕರೆದರು. ಒಳಗೆ ಕತ್ತಲೆ ಇತ್ತು, ಸಗಣಿ ಸಾರಿಸಿದ ತಂಪು ಇತ್ತು. ಅವರು ಆಕೆಯ ಕಿವಿಯ ಹತ್ತಿರ ಬಾಗಿ ಮೂರು ಸಲ ಹೇಳಿದರು. ಅಷ್ಟೇ. ಆದರೆ ಇಂದುಬಾಯಿ ಹೊರಗೆ ಬಂದಾಗ ಅಂಗಳ, ಬೇವಿನ ಮರ, ಮೊರದಲ್ಲಿನ ಕಡಲೆ, ಎಲ್ಲ ಇದ್ದಲ್ಲೇ ಇದ್ದೂ ಯಾರೋ ಈಗಷ್ಟೇ ತೊಳೆದು ಇಟ್ಟ ಹಾಗೆ ಕಂಡವು. ಗಂಡನ ಮುಖ ನೋಡಿದಳು. ಅವನು ಅಳುತ್ತಿದ್ದ, ಅಳುತ್ತಿರುವುದು ಅವನಿಗೇ ಗೊತ್ತಿದ್ದಂತೆ ಇರಲಿಲ್ಲ.

ಹೊರಡುವಾಗ ಮಾಸ್ತರರು ನೇಮ ಹೇಳಿದರು. ಗಂಡ ಹೆಂಡತಿ ಕೂಡಿಯೇ ಕೂಡಬೇಕು. ಒಂದು ಹೊತ್ತೂ ತಪ್ಪಿಸಬಾರದು. ನಾಮವನ್ನು ಉಸಿರಿನೊಳಗೇ ನಡೆಸಬೇಕು, ಬಾಯಿಂದ ಹೊರಗೆ ಬರಬಾರದು.

"ಬಿತ್ತಿದ ಮ್ಯಾಲ ಬೀಜ ಕೆದರಿ ತೋರಸಬಾರದು," ಎಂದರು. "ಗಂಡ ಹೆಂಡತಿಗೆ ಹೇಳೂದಿಲ್ಲ, ಹೆಂಡತಿ ಗಂಡಗ ಹೇಳೂದಿಲ್ಲ. ಕೊಡೂ ಅಪ್ಪಣಿ ಇದ್ದಾವ ಮಾತ್ರ ಕೊಡಬೇಕು."

ಇಂದುಬಾಯಿಗೆ ಒಂದು ಚಾಳಿ ಇತ್ತು. ನಾಮ ನಡೆದಾಗ ಆಕೆಯ ತುಟಿ ಅಲುಗುತ್ತಿದ್ದವು. ಮುಂದಿನ ವರ್ಷ ಹೋದಾಗ ಮಾಸ್ತರರು ಅದನ್ನು ನೋಡಿ, "ಯವ್ವಾ, ನಿನ್ನ ತುಟಿ ಊರಿಗೆಲ್ಲಾ ಡಂಗುರಾ ಹೊಡ್ಯಾಕತ್ತಾವ," ಎಂದು ನಕ್ಕಿದ್ದರು. ಆಕೆ ಎಷ್ಟು ಬಿಗಿ ಹಿಡಿದರೂ ಆ ಚಾಳಿ ಹೋಗಲಿಲ್ಲ.

ಮಾಸ್ತರರು ದೇಹ ಬಿಟ್ಟು ಹದಿನಾರು ವರ್ಷವಾಯಿತು. ಹೋಗುವಾಗ ನಾಮ ಕೊಡುವ ಅಪ್ಪಣೆಯನ್ನು ಯಾರಿಗೂ ಕೊಡಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ. ಅವರಿಂದ ಪಡೆದವರು ಇರುವತನಕ ಇದು ಇದೆ, ಆಮೇಲೆ ಮಾಸ್ತರರ ಇಚ್ಛೆ ಎಂದು ಶಿಷ್ಯರು ತಿಳಿದುಕೊಂಡರು. ಪ್ರತಿವರ್ಷ ಗುರುಪೂರ್ಣಿಮೆಗೆ ಎಲ್ಲರೂ ಆ ಊರಿಗೆ ಹೋಗಿ ಅವರ ಗದ್ದುಗೆಯ ಮುಂದೆ ಕೂಡಿ ನೇಮಕ್ಕೆ ಕೂಡುತ್ತಾರೆ, ಹುಗ್ಗಿ ಉಂಡು ಬರುತ್ತಾರೆ. ವರ್ಷ ವರ್ಷ ಸಾಲು ಸಣ್ಣದಾಗುತ್ತಿದೆ.

ಕಳೆದ ಶ್ರಾವಣದಲ್ಲಿ ರಾಚಪ್ಪನಿಗೆ ಗಿರಣಿಯಲ್ಲೇ ಲಕ್ವಾ ಹೊಡೆಯಿತು. ವಿಜಯಪುರದ ದವಾಖಾನೆಯಲ್ಲಿ ಇಪ್ಪತ್ತು ದಿನ ಇದ್ದು ಬಂದ. ಬಲಗೈ ಹೋಗಿತ್ತು. ಮಾತು ಪೂರ್ತಿ ಹೋಗಿತ್ತು. ಹೆಂಡತಿಯ ಹೆಸರು, ಮಗನ ಹೆಸರು, ತನ್ನ ಹೆಸರು, ಒಂದೂ ಇರಲಿಲ್ಲ.

ಮಾತು ಮರಳಿ ತಂದವಳು ಸೊಸೆ ಭುವನೇಶ್ವರಿ. ಆಕೆ ಅಂಗನವಾಡಿ ಟೀಚರು. ಮಕ್ಕಳಿಗೆ ತೋರಿಸುವ ಚಿತ್ರದ ಹಾಳೆಗಳನ್ನೇ ಮನೆಗೆ ತಂದು ದಿನಾ ಮಾವನ ಮುಂದೆ ಹಿಡಿದಳು. ಮೊದಲು ಬಂದದ್ದು ನೀರು. ಆಮೇಲೆ ಜೋಳ. ಆಮೇಲೆ ಹತ್ತು ದಿನ ಏನೂ ಬರಲಿಲ್ಲ. ಒಂದು ದಿನ ಆನೆಯ ಚಿತ್ರ ಹಿಡಿದಳು. ರಾಚಪ್ಪ ಅದನ್ನು ಬಹಳ ಹೊತ್ತು ನೋಡಿ, ಗಂಟಲು ಸರಿಮಾಡಿಕೊಂಡು, "ಸಂಜೀವ," ಎಂದ. ಮೈ ಬೆಳೆಸಿದ ಸಂಜೀವಕುಮಾರ ಅಲ್ಲೇ ನಿಂತಿದ್ದ. ಮನೆಯವರೆಲ್ಲ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ಅದು ರೋಗವೋ ಚೇಷ್ಟೆಯೋ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ರಾಚಪ್ಪ ಮೀಸೆಯಲ್ಲೇ ನಗುತ್ತಾನೆ.

ಮನೆಗೆ ಬಂದ ಎರಡನೆಯ ವಾರಕ್ಕೇ ಅವನು ಎಡಗೈಯಿಂದ ಕಂಬಳಿಯ ಕಡೆ ತೋರಿಸಿದ. ಇಂದುಬಾಯಿ ಹಾಸಿದಳು. ಗೋಡೆಗೆ ಒರಗಿಸಿ ಕೂಡಿಸಿದಳು. ತಿಂಗಳೊಳಗೆ ಒರಗದೆ ಕೂತ. ಎಲ್ಲ ಮೊದಲಿನ ಹಾಗೇ ಆಯಿತು, ಒಂದನ್ನು ಬಿಟ್ಟು. ಮೊದಲು ಇಬ್ಬರೂ ದೇವರ ಜಗಲಿಯ ಕಡೆ ಮುಖ ಮಾಡಿ ಕೂಡುತ್ತಿದ್ದರು, ಅವನು ಆಕೆಯ ಕಡೆ ತುಸು ಓರೆಯಾಗಿ. ಈಗ ಅವನು ಕಂಬಳಿಯನ್ನು ತಿರುಗಿಸಿ, ಆಕೆಗೆ ಬೆನ್ನು ಮಾಡಿ, ಗೋಡೆಯ ಕಡೆ ಮುಖ ಹಾಕಿ ಕೂಡತೊಡಗಿದ. ಆಕೆ ಮೊದಲು ದೀಪದ ಬೆಳಕು ಕಣ್ಣಿಗೆ ಚುಚ್ಚುತ್ತದೇನೋ ಎಂದುಕೊಂಡಳು. ದೀಪ ಸರಿಸಿದಳು. ಆದರೂ ಗೋಡೆಯೇ. ಆಮೇಲೆ ಆಕೆಗೆ ಬೇರೆ ವಿಚಾರ ಬಂತು. ದವಾಖಾನೆಯಲ್ಲಿ ಕೂಸಿನ ಹಾಗೆ ಎತ್ತಿ ಇಳಿಸಿದ್ದೇನೆ, ಬಟ್ಟೆ ಬದಲಿಸಿದ್ದೇನೆ, ಗಂಡಸಿಗೆ ಅದರ ನಾಚಿಕೆ ಆಗಿರಬೇಕು, ನನ್ನ ಮುಖ ನೋಡಲು ಮನಸ್ಸಿಲ್ಲ. ಹತ್ತು ತಿಂಗಳು ಆಕೆ ಆ ಬೆನ್ನನ್ನು ನೋಡುತ್ತ ನಾಮ ನಡೆಸಿದಳು. ಒಳಗೆ ನೋವಾಗಿತ್ತು. ಯಾರಿಗೂ ಹೇಳಲಿಲ್ಲ.

ಈ ವರ್ಷದ ಆಷಾಢ ಹುಣ್ಣಿಮೆಯ ಹಿಂದಿನ ದಿನ ಭುವನೇಶ್ವರಿ ಹಾಳೆಗಳನ್ನೆಲ್ಲ ಮತ್ತೊಮ್ಮೆ ತಿರುವಿ ಹಾಕಿ, ಇನ್ನು ಮಾವನ ಪರೀಕ್ಷೆ ಮುಗಿಯಿತು, ಎಲ್ಲ ಮಾತೂ ಬಂದವು ಎಂದು ಗಂಟು ಕಟ್ಟಿದಳು. ಸಂಜೆ ನೇಮ ಮುಗಿದ ಮೇಲೆ ಇಂದುಬಾಯಿ, ನಾಳೆ ಮೊದಲ ಬಸ್ಸಿಗೇ ಇಂಡಿಗೆ ಹೋಗಬೇಕು, ಬೇಗ ಏಳಬೇಕು ಎಂದಳು. ರಾಚಪ್ಪ ಗೋಡೆಯ ಕಡೆಯೇ ಮುಖ ಇಟ್ಟುಕೊಂಡು ಕೂತಿದ್ದ.

"ನಾಳಿ ನಾ ಬರಂಗಿಲ್ಲ," ಎಂದ.

"ಯಾಕ್ರಿ? ಮೈಯಾಗ ಆರಾಮ ಇಲ್ಲೇನು?"

"ನಂದು ಹೋಗೇತಿ."

"ಏನು ಹೋಗೇತ್ರಿ?"

"ಮಾಸ್ತರು ಕೊಟ್ಟಿದ್ದು."

ಇಂದುಬಾಯಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದ ಮೇಲೆ ಅಲ್ಲೇ ಕೂತಳು. ಅವನು ಒಂದೊಂದೇ ಮಾತು ಎತ್ತಿ ಇಡುತ್ತ ಹೇಳಿದ. ದವಾಖಾನೆಯಲ್ಲಿ ಎಲ್ಲ ಹೋದಾಗ ಅದೂ ಹೋಯಿತು. ಉಳಿದ ಮಾತು ಒಂದೊಂದಾಗಿ ಬಂದವು. ಇದೂ ಬಂದೀತು ಎಂದು ಕಾದ. ನೀರು ಬಂತು, ಜೋಳ ಬಂತು, ಊರ ಮಂದಿಯ ಹೆಸರೆಲ್ಲ ಬಂದವು. ಅದು ಬರಲಿಲ್ಲ. ಆ ಜಾಗ ಇದೆ, ಜಾಗದಲ್ಲಿ ಏನೂ ಇಲ್ಲ.

"ಮತ್ತ ದಿನಾ ಎರಡ ಹೊತ್ತು ಕುಂತು ಏನ್ ಮಾಡತಿದ್ರಿ?"

"ಕುಂತಿದ್ದೆ."

ಹತ್ತು ತಿಂಗಳು. ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು. ಜ್ವರ ಬಂದಾಗಲೂ ತಪ್ಪಿಸಿರಲಿಲ್ಲ. ಆಕೆ ಹಿಂದೆ ಕೂತು ನೋಡಿದ ಆ ನೆಟ್ಟಗಿನ ಬೆನ್ನು, ಕೈಯಲ್ಲಿ ಏನೂ ಇಲ್ಲದವನ ಬೆನ್ನು. ತನ್ನ ಬಳಿ ನಾಮ ಇತ್ತು. ಆದರೂ ಕೂತಾಗ ಮನಸ್ಸು ಒಲೆಯ ಮೇಲಿನ ಹಾಲಿಗೆ, ಸೊಸೆಯ ಮಾತಿಗೆ, ಕೆಳಗಿನ ಓಣಿಯ ಮದುವೆಗೆ ಎಷ್ಟು ಸಲ ಓಡಿ ಹೋಗಿತ್ತು.

"ಗ್ವಾಡಿ ಕಡೆ ಯಾಕ ಮಾರಿ ಮಾಡಿದ್ರಿ?" ಎಂದು ಕೇಳಿದಳು. ಕೇಳುವಾಗಲೇ ಉತ್ತರ ಅರ್ಧ ಹೊಳೆದಿತ್ತು.

"ನಿನ್ನ ತುಟಿ ಕಾಣತಾವ."

"ಕಣ್ಣ ಮುಚಗೋಬೇಕಿಲ್ಲ?"

"ಆಸೆ ಆಗತೈತಿ. ತೆರಿತಾವ."

ಇಂದುಬಾಯಿ ಅವನ ಮುಂದೆ ಬಂದು ಕೂತಳು. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಬಾಯಿ ತೆರೆದಳು. ತಟ್ಟನೆ ಅವನ ಎಡಗೈ ಬಂದು ಆಕೆಯ ಬಾಯಿ ಮುಚ್ಚಿತು. ಮೂವತ್ತೇಳು ವರ್ಷದ ಸಂಸಾರದಲ್ಲಿ ಅವನು ಆಕೆಯ ಮೇಲೆ ಕೈ ಎತ್ತಿದವನಲ್ಲ. ತಲೆ ಅಲ್ಲಾಡಿಸುತ್ತ, ಬೇಡ ಬೇಡ ಎಂದು ಕಣ್ಣಿನಲ್ಲೇ ಅಂದ.

ಮರುದಿನ ಆಕೆ ಹಟ ಹಿಡಿದು ಅವನನ್ನು ಹೊರಡಿಸಿದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವನನ್ನು ಕೂಡಿಸಿದಳು. ಹೊಲಗಳಲ್ಲಿ ತೊಗರಿ ಎರಡೆರಡು ಎಲೆ ಬಿಟ್ಟಿತ್ತು. ಕಂಡಕ್ಟರ್ ಟಿಕೆಟ್ ಹರಿದು ಕೊಡುವಾಗ, ಮುದುಕಿಯರು ಕಾಲ ಹತ್ತಿರದ ಚೀಲ ಎತ್ತುವಾಗ, ಆಕೆಗೆ ಒಂದೇ ವಿಚಾರ. ಹೇಳಿದರೆ ಒಂದು ಉಸಿರಿನ ಕೆಲಸ. ಆದರೆ ತನಗೆ ಕೊಡುವ ಅಪ್ಪಣೆ ಇಲ್ಲ. ಇನ್ನೊಂದು ಇತ್ತು, ಅದು ಇನ್ನೂ ದೊಡ್ಡದು. ಮಾಸ್ತರರು ತನಗೆ ಕೊಟ್ಟದ್ದನ್ನೇ ಅವನಿಗೂ ಕೊಟ್ಟಿದ್ದರೇ? ಒಂದೇ ಕಂಬಳಿಯ ಮೇಲೆ ಕೂತ ಇಬ್ಬರೂ ಇದನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಬೇರೆಯಾಗಿದ್ದರೆ? ಖಾಲಿ ಇಟ್ಟುಕೊಂಡು ಕಾಯುತ್ತಿರುವ ಜಾಗದಲ್ಲಿ ಇನ್ನೊಬ್ಬರ ಬೀಜ ಊರಿದ ಹಾಗೆ.

ಆ ಊರಿನಲ್ಲಿ ಗದ್ದುಗೆಯ ಹಿಂದೆ ಹುಗ್ಗಿಯ ಕೊಪ್ಪರಿಗೆ ಕುದಿಯುತ್ತಿತ್ತು. ಅದರ ಮುಂದೆ ಬೀರಣ್ಣ ಕಂಬಳಿ ಹೊದ್ದು ಕೂತಿದ್ದ. ಎಂಬತ್ನಾಲ್ಕು ವರ್ಷದ ಕುರಿಗಾರ, ಮಾಸ್ತರರ ಮೊದಲ ಶಿಷ್ಯರಲ್ಲಿ ಉಳಿದವನು ಅವನೊಬ್ಬ. ಹಲ್ಲಿಲ್ಲ, ಮಾತಿಗೆ ಮಾತ್ರ ಹಲ್ಲಿದೆ. ಇಂದುಬಾಯಿ ಅವನ ಪಕ್ಕ ಕೂತು, ಹುಗ್ಗಿಗೆ ಬೆಲ್ಲ ಜಜ್ಜುತ್ತ, ಎಲ್ಲವನ್ನೂ ಸಣ್ಣ ದನಿಯಲ್ಲಿ ಹೇಳಿದಳು. ಗೋಡೆಯ ವಿಷಯಕ್ಕೆ ಬಂದಾಗ ಬೀರಣ್ಣ ಸೌಟು ತಿರುವುವುದನ್ನು ನಿಲ್ಲಿಸಿದ. ಆಮೇಲೆ ತಲೆಗೆ ಸುತ್ತಿದ ಪಟಗ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ. ದೊಡ್ಡವರ ಹೆಸರು ಬಂದಾಗ ಮಾತ್ರ ಅವನು ಹಾಗೆ ಮಾಡುವುದು.

"ಕಾಕಾ, ಎಲ್ಲಾರಿಗೂ ಒಂದಽ ಕೊಟ್ಟಾರೇನು?" ಎಂದು ಕೇಳಿದಳು.

"ಐವತ್ತು ವರ್ಷದಿಂದ ನಾನೂ ಅದನ್ನಽ ವಿಚಾರ ಮಾಡಾಕತ್ತೇನಿ, ಯವ್ವಾ."

ಹಾಗಾದರೆ ತಾನು ಏನು ಮಾಡಬೇಕು, ಹೇಳಬಹುದೇ, ಪಾಪ ಬಂದರೆ ತನಗೇ ಬರಲಿ ಎಂದು ಆಕೆ ಕೇಳಿದಳು. ಬೀರಣ್ಣ ಮತ್ತೆ ಸೌಟು ತಿರುವಿದ. ಅಪ್ಪಣೆ ಕೊಡುವವನು ತಾನಲ್ಲ ಎಂದ. ಹುಗ್ಗಿ ತಳ ಹತ್ತಿತೇ ಎಂದು ಕೆದಕಿ ನೋಡಿದ.

"ಅವಗ ಕೇಳಿದೇನು," ಎಂದ, "ಬೇಕೇನಂತ?"

ಇಂದುಬಾಯಿ ಕೇಳಿರಲಿಲ್ಲ. ಬೇಕು ಎಂದೇ ತಿಳಿದಿದ್ದಳು. ಕಳೆದುಕೊಂಡವನಿಗೆ ಬೇಡವಾಗುವುದು ಹೇಗೆ? ಬೆಲ್ಲದ ಕೈ ತೊಳೆದುಕೊಂಡು ಎದ್ದಳು.

ರಾಚಪ್ಪ ಬಾಗಿಲ ಹೊರಗೆ ಇದ್ದ. ಬಂದವರ ಚಪ್ಪಲಿ ಜೋಡಿಸಿ ಇಡುವುದು ಪ್ರತಿವರ್ಷ ಅವನ ಕೆಲಸ. ಈ ವರ್ಷವೂ ನೆಲದ ಮೇಲೆ ಕೂತು, ಎಡಗೈಯಿಂದ ಒಂದೊಂದೇ ಚಪ್ಪಲಿ ಎಳೆದು, ಜೊತೆ ಹುಡುಕಿ, ಗೋಡೆಗುಂಟ ಸಾಲು ಮಾಡುತ್ತಿದ್ದ. ಮಣ್ಣು ಮೆತ್ತಿದ್ದವನ್ನು ಧೋತರದ ಚುಂಗಿನಿಂದ ಒರೆಸುತ್ತಿದ್ದ. ಇಂದುಬಾಯಿ ಎದುರು ಕೂತಳು. ಸುತ್ತ ಯಾರೂ ಇರಲಿಲ್ಲ.

"ಕೇಳ್ರಿಲ್ಲೆ. ನಾ ಹೇಳಲೇನು? ನಿಮಗ ಬೇಕೇನು?"

ರಾಚಪ್ಪ ಕೈಯಲ್ಲಿದ್ದ ಚಪ್ಪಲಿಯನ್ನು ಅದರ ಜೊತೆಯ ಪಕ್ಕ ಇಟ್ಟ. ಅವನಿಗೆ ದೊಡ್ಡ ಮಾತು ಕಟ್ಟಲು ಹೊತ್ತು ಬೇಕು. ಆಕೆ ಕಾದಳು.

"ಕರೆಂಟ್ ಹೋದಾಗ," ಎಂದ, "ಗಿರಣಿ ಮುಂದ ಮಂದಿ ಏನ್ ಮಾಡತಾರ?"

"ಪುಟ್ಟಿ ಇಟಗೊಂಡು ಕುಂಡ್ರತಾರ."

"ಮನಿಗಿ ಹೋಗತಾರೇನು?"

"ಹಿಟ್ಟಿಲ್ಲದ ಮನಿಗಿ ಹೋಗಿ ಏನ್ ಮಾಡತಾರ್ರಿ."

"ಹಾಂ," ಎಂದ. ಇನ್ನೊಂದು ಚಪ್ಪಲಿ ಎಳೆದುಕೊಂಡ. "ಕರೆಂಟ್ ಕೊಡಾವ್ರು ಅವರು. ನೀ ಅಲ್ಲ."

ಆಮೇಲೆ ಅವನು ದವಾಖಾನೆಯ ಮಾತು ತೆಗೆದ. ಮೂರನೆಯ ದಿನವೋ ನಾಲ್ಕನೆಯ ದಿನವೋ, ಸಂಜೆ ಹೊತ್ತು ತಾನು ಮಂಚದ ಮೇಲೆ ಎದ್ದು ಕೂಡಲು ಒದ್ದಾಡಿದ್ದು ನೆನಪಿದೆಯೇ ಎಂದು ಕೇಳಿದ. ಇಂದುಬಾಯಿಗೆ ನೆನಪಿತ್ತು. ನರ್ಸು ಬೈದಿದ್ದಳು. ಇಂದುಬಾಯಿ ಪಾಯಖಾನೆಗೆ ಎಂದು ತಿಳಿದು ಡಬ್ಬಿ ಹಿಡಿದಿದ್ದಳು. ಅವನು ಅದನ್ನು ಒದ್ದಿದ್ದ. ಮರುದಿನ ಸಂಜೆ ಮತ್ತೆ ಅದೇ. ಅದರ ಮರುದಿನ ಮತ್ತೆ. ಕೊನೆಗೆ ಕೈ ಕಟ್ಟಿ ಹಾಕಿದ್ದರು.

"ಆವಾಗ ನನಗ ನನ್ನ ಹೆಸರ ಗೊತ್ತಿರಲಿಲ್ಲ," ಎಂದ ರಾಚಪ್ಪ. "ನೀ ಯಾರು ಗೊತ್ತಿರಲಿಲ್ಲ. ಮಾಸ್ತರು ಯಾರು, ಅದೂ ಗೊತ್ತಿರಲಿಲ್ಲ. ಹೊತ್ತಾತು, ಕುಂಡ್ರಬೇಕು, ಇಷ್ಟ ಗೊತ್ತಿತ್ತು." ತುಸು ಉಸಿರು ತೆಗೆದುಕೊಂಡ. "ಅದನ್ನ ಯಾರು ಇಟ್ಟಿದ್ರು ಅಲ್ಲೆ?"

ಆ ಪ್ರಶ್ನೆಯ ಉತ್ತರಕ್ಕೆ ಅವನು ಕಾಯಲಿಲ್ಲ. ಮೂಲೆಯಲ್ಲಿದ್ದ ಯಾವುದೋ ಕೂಸಿನ ಸಣ್ಣ ಚಪ್ಪಲಿ ಹುಡುಕಲು ಬಗ್ಗಿದ.

ಇಂದುಬಾಯಿ ಅವನನ್ನು ನೋಡಿದಳು. ಗಿರಣಿ ಬಿಟ್ಟು ವರ್ಷವಾಗುತ್ತ ಬಂದರೂ ಹುಬ್ಬಿನ ಬಿಳುಪು ಹೋಗಿಲ್ಲ. ಅದು ಹಿಟ್ಟಲ್ಲ, ವಯಸ್ಸು ಎಂದು ಆಕೆಗೆ ಇವತ್ತು ಗೊತ್ತಾಯಿತು. ಉಪ್ಪು ಹೆಚ್ಚಾದರೆ ಮುಖ ಕಿವುಚುವವನು, ಧೋತರಕ್ಕೆ ನೀಲಿ ಹೆಚ್ಚು ಹಾಕಿದರೆ ಗೊಣಗುವವನು, ಮೊಮ್ಮಗನ ಪೆಪ್ಪರಮಿಂಟು ಕದ್ದು ತಿನ್ನುವವನು. ಅವನ ಮುಂದೆ ತಾನು ಈಗ ಚಪ್ಪಲಿಯ ಸಾಲಿನಲ್ಲಿ ಕೂತಿದ್ದೇನೆ. ಬಗ್ಗಿ ಅವನ ಕಾಲು ಮುಟ್ಟಬೇಕೆನಿಸಿತು. ಮುಟ್ಟಿದರೆ ಬೈಯುತ್ತಾನೆ. ಅವನ ಕಾಲ ಹತ್ತಿರದ ಮಣ್ಣನ್ನು ಬೆರಳಿನಿಂದ ಮುಟ್ಟಿ, ಕಣ್ಣಿಗೆ ಒತ್ತಿಕೊಂಡು, ಕಸ ಬಿದ್ದಿತ್ತೆಂಬಂತೆ ಕಣ್ಣು ಉಜ್ಜಿಕೊಂಡಳು.

"ಹುಗ್ಗಿ ಆತೇನು ನೋಡು," ಎಂದ ಅವನು.

ಆಕೆ ಹೋಗಿ ಕೊಪ್ಪರಿಗೆಯ ಹತ್ತಿರ ನಿಂತಳು. ಬೀರಣ್ಣ ಬೆಂಕಿ ಹಿಂದಕ್ಕೆ ಎಳೆದಿದ್ದ. ನೇಮದ ಹೊತ್ತಾಗಿತ್ತು. ಗದ್ದುಗೆಯ ಮುಂದೆ ಜಮಖಾನೆ ಹಾಸಿದ್ದರು. ಒಬ್ಬೊಬ್ಬರೇ ಬಂದು ಸಾಲಿನಲ್ಲಿ ಕೂಡುತ್ತಿದ್ದರು. ರಾಚಪ್ಪ ಕೋಲು ಊರಿಕೊಂಡು ಒಳಗೆ ಬಂದು, ಎರಡನೆಯ ಸಾಲಿನ ತುದಿಯಲ್ಲಿ ಜಾಗ ನೋಡಿ, ಮೊದಲು ಒಂದು ಮೊಣಕಾಲು, ಆಮೇಲೆ ಇನ್ನೊಂದು ಮಡಚಿ ಕೂತ. ಇಲ್ಲಿ ಗೋಡೆ ಇರಲಿಲ್ಲ. ಎಡಗೈಯಿಂದ ಬಲಗೈ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಬೆನ್ನು ನೆಟ್ಟಗಾಯಿತು. ಮುಖ ಗದ್ದುಗೆಯ ಕಡೆ ಇತ್ತು. ಆ ಮುಖದಲ್ಲಿ ಬೇಡಿಕೆ ಏನೂ ಇರಲಿಲ್ಲ.

ಬೀರಣ್ಣ ಪಟಗ ಮತ್ತೆ ಸುತ್ತಿಕೊಳ್ಳುತ್ತ ಆಕೆಯ ಕಡೆ ತಿರುಗಿದ. "ಏನಂದ?"

"ಬ್ಯಾಡ ಅಂದ್ರು, ಕಾಕಾ," ಎಂದಳು ಇಂದುಬಾಯಿ. "ಕುಂಡ್ರತೇನಿ ಅಂದ್ರು. ಇಷ್ಟ ವರ್ಷ ನಾ ಅವರ ಬಾಜೂಕ ಕುಂತೇನಿ, ನಾಮ ನನ್ನ ಕಡೆ ಐತಿ ಅಂತ ತಿಳಕೊಂಡಿದ್ದೆ, ಖರೆ ಅಂದ್ರ..."

ಹೇಳುತ್ತಿದ್ದಂತೆ ಆಕೆಯ ಕಣ್ಣು ಸಾಲಿನ ಕಡೆ ಹೋಯಿತು. ರಾಚಪ್ಪನ ಬಲಗಡೆ ಒಂದು ಜಾಗ ಖಾಲಿ ಇತ್ತು, ಯಾರೋ ಒಬ್ಬರು ಧೋತರ ಎತ್ತಿ ಅಲ್ಲಿ ಕೂಡಲು ಬಗ್ಗುತ್ತಿದ್ದರು. ಇಂದುಬಾಯಿ ಸೀರೆಯ ನೆರಿಗೆ ಹಿಡಿದುಕೊಂಡು, ಕೂತವರ ನಡುವೆ ಕಾಲಿಡಲು ಜಾಗ ಹುಡುಕುತ್ತ, ಮುಂದೆ ನಡೆದೇ ಬಿಟ್ಟಳು. "ಯಪ್ಪಾ, ತುಸು ಅತ್ತಾಗ ಸರೀರಿ, ಅಲ್ಲೆ ನಾ ಅವರ ಕೂಡ ಕುಂಡ್ರತೇನಿ."